ಕೆಮ್ಮಿಗೆ ಸಿರಪ್ ತರುವ ಮೊದಲು

ಸಿದ್ದಾಪುರದಲ್ಲಿ ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ಪ್ರತಿ ಮನೆಯಲ್ಲೂ ಒಬ್ಬರಾದರೂ ಕೆಮ್ಮುತ್ತಿರುತ್ತಾರೆ. ಕೇಳಿದರೆ ತಂಡಿ ಎನ್ನುತ್ತೇವೆ. ಕಾಫಿ ಕೊಯ್ಲಿನ ಹೊತ್ತಿಗೆ ಅದೇ ಕೆಮ್ಮಿಗೆ ಕಣದ ಧೂಳು ಕಾರಣವಾಗುತ್ತದೆ, ಬೇಸಿಗೆಯಲ್ಲಿ ತಣ್ಣೀರು. ಹೀಗೆ ವರ್ಷವಿಡೀ ಒಂದು ನೆಪ ಸಿದ್ಧವಾಗಿರುತ್ತದೆ. ಮೆಡಿಕಲ್ ಶಾಪಿನಿಂದ ಸಿರಪ್ ಬರುತ್ತದೆ, ಒಂದೇ ಬಾಟಲಿಯಿಂದ ಅಜ್ಜನಿಗೂ ಮೊಮ್ಮಗನಿಗೂ ಒಂದೊಂದು ಮುಚ್ಚಳ ಕುಡಿಸುತ್ತೇವೆ.

ಈ ಪದ್ಧತಿ ನಿಲ್ಲಬೇಕು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತ ಸುದ್ದಿಯನ್ನು ನೀವೂ ಓದಿದ್ದೀರಿ. ಆ ಅಕ್ಟೋಬರಿನಲ್ಲೇ ಕೇಂದ್ರ ಆರೋಗ್ಯ ಇಲಾಖೆ, 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧ ಕೊಡಲೇಬಾರದು, 5 ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಸೂಚಿಸಿತು. ಬರೀ ನೆಗಡಿಯ ಕೆಮ್ಮಾದರೆ ಒಂದು ಚಮಚ ಜೇನು ಸಾಕು. ಜೇನಿಗೆ ಕೊಡಗಿನಲ್ಲಿ ಬರವೇ? ಆದರೆ 1 ವರ್ಷ ತುಂಬದ ಕೂಸಿಗೆ ಜೇನನ್ನೂ ನೆಕ್ಕಿಸಬೇಡಿ. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಆ ವಯಸ್ಸಿನ ಕರುಳಿನಲ್ಲಿ ವಿಷ ಉಂಟುಮಾಡಬಲ್ಲದು.

ಔಷಧಕ್ಕಿಂತ ಮೊದಲು ಕಿವಿಗೊಟ್ಟು ಕೇಳಿ. ರಾತ್ರಿ, ಮುಂಜಾನೆ ಕೆಮ್ಮು ಹೆಚ್ಚಿ ಎದೆಯಲ್ಲಿ ಸುಯ್ ಸುಯ್ ಎನ್ನುತ್ತಿದ್ದರೆ ಅದು ಗೂರಲು, ಅಂದರೆ ಆಸ್ತಮಾ ಇರಬಹುದು. ಉಸಿರು ಕಟ್ಟುವಷ್ಟು ಕೆಮ್ಮಿ, ಕೊನೆಗೆ ಹೂಪ್ ಎಂದು ಗಾಳಿ ಎಳೆದುಕೊಂಡು ಮಗು ವಾಂತಿ ಮಾಡಿದರೆ ನಾಯಿಕೆಮ್ಮಿನ ಶಂಕೆ. ಚುಚ್ಚುಮದ್ದಿನ ಕಾರ್ಡು ಹಿಡಿದು ಹೊರಡಿ. ಆಡುತ್ತಿದ್ದ ಮಗುವಿಗೆ ಒಮ್ಮೆಲೇ ಕೆಮ್ಮು ಹತ್ತಿ, ಆಮೇಲೆ ಅದು ಬಿಡದೇ ಹೋದರೆ ಕಡಲೆಕಾಯಿ ಬೀಜವೋ ಅಡಿಕೆ ಚೂರೋ ಶ್ವಾಸನಾಳಕ್ಕೆ ಇಳಿದಿರಬಹುದು. ಅಂಥ ಮಗುವನ್ನು ಮನೆಯಲ್ಲಿ ಇಟ್ಟುಕೊಂಡು ಕಾಯಬೇಡಿ.

ಇನ್ನೊಂದು ಸದ್ದಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮಗುವಿಗೆ ಜ್ವರವಿಲ್ಲ, ಕಫವಿಲ್ಲ. ಆದರೂ ನಿಮಿಷಕ್ಕೊಮ್ಮೆ 'ಹ್ಞೂಂ ಹ್ಞೂಂ' ಎಂದು ಗಂಟಲು ಕೆರೆಯುತ್ತದೆ. ಮದ್ರಸದಲ್ಲಿ ಉಸ್ತಾದರು ಗದರುತ್ತಾರೆ, ಮನೆಯಲ್ಲಿ ಉಪ್ಪ 'ಸುಮ್ಮನಿರು' ಎನ್ನುತ್ತಾರೆ. ಮೂಗಿನ ಹಿಂಭಾಗದಿಂದ ಗಂಟಲಿಗೆ ನೀರು ಇಳಿಯುವ ಅಲರ್ಜಿ ಇದ್ದರೂ ಹೀಗಾಗುತ್ತದೆ, ಅದನ್ನು ವೈದ್ಯರು ನೋಡಬೇಕು. ಅದೂ ಇಲ್ಲ, ನಿದ್ದೆಯಲ್ಲಿ ಸದ್ದು ಪೂರ್ತಿ ನಿಲ್ಲುತ್ತದೆ ಎಂದಾದರೆ ಅದು ಮಗುವಿನ ಹಿಡಿತಕ್ಕೆ ಸಿಗದ ಒಂದು ಚಲನೆ. ವೈದ್ಯರು ಇದನ್ನು ಟಿಕ್ ಎನ್ನುತ್ತಾರೆ. ಮಗು ಬೇಕೆಂದು ಮಾಡುವುದಲ್ಲ. ಗದರಿದಷ್ಟೂ, ಎಲ್ಲರೂ ತಿರುಗಿ ನೋಡಿದಷ್ಟೂ ಹೆಚ್ಚುತ್ತದೆ. ಎಷ್ಟೋ ಮಕ್ಕಳಲ್ಲಿ ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ. ಉಸ್ತಾದರಿಗೂ ಶಾಲೆಯ ಟೀಚರಿಗೂ ಈ ವಿಷಯ ತಿಳಿಸಿಡಿ.

ದೊಡ್ಡವರ ವಿಷಯ ಬೇರೆ. ರಕ್ತದೊತ್ತಡಕ್ಕೆ ಎನಲಾಪ್ರಿಲ್, ರಾಮಿಪ್ರಿಲ್ ಜಾತಿಯ ಮಾತ್ರೆ ನುಂಗುವ ಕೆಲವರಿಗೆ ಒಣಕೆಮ್ಮು ಬರುತ್ತದೆ. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ ಬದಲಾಯಿಸಿಕೊಳ್ಳಿ. ಹೊಟ್ಟೆಯ ಆಮ್ಲ ಮೇಲೆ ಬಂದರೂ ಗಂಟಲು ಕೆರೆಯುತ್ತದೆ. ರಮಳಾನಿನಲ್ಲಿ ಇದು ಹೆಚ್ಚಲು ಕಾರಣ ಉಪವಾಸಕ್ಕಿಂತ ನಮ್ಮ ಊಟವೇ: ತರಾವೀಹ್ ಮುಗಿಸಿ ಬಂದು ಕರಿದದ್ದು, ಬಿರಿಯಾನಿ ತಿಂದು ಅಡ್ಡಾಗುವುದು, ಸಹರಿ ಉಂಡು ಸುಬಹಿ ನಮಾಝ್ ಆದ ಕೂಡಲೇ ಮತ್ತೆ ಮಲಗುವುದು. ಬೀಡಿ ಸೇದುವವರಿಗೆ ಬೇರೆ ಕಾರಣ ಹುಡುಕಿಕೊಡುವ ಅಗತ್ಯವಿಲ್ಲ.

ಸೇದದ ಹೆಂಗಸರಿಗೂ ಹೊಗೆ ತಪ್ಪಿದ್ದಲ್ಲ. ಗ್ಯಾಸ್ ಬಂದ ಮೇಲೂ ಸ್ನಾನದ ನೀರಿಗೆ ಹಂಡೆ ಒಲೆ ಉರಿಯುತ್ತದೆ. ಮಳೆಗಾಲದಲ್ಲಿ ಹಸಿ ಸೌದೆ, ಮುಚ್ಚಿದ ಕಿಟಕಿ, ಒಳಗೇ ಒಣಗುವ ಬಟ್ಟೆ, ಗೋಡೆಯಲ್ಲಿ ಬೂಷ್ಟು. ಕಾಫಿ ಸಿಪ್ಪೆ ತೆಗೆಯುವಲ್ಲಿ, ಮೂಟೆ ತುಂಬುವಲ್ಲಿ ದುಡಿಯುವವರಿಗೆ ಹಸಿ ಕಾಫಿ ಬೀಜದ ಧೂಳೇ ಅಲರ್ಜಿ ತರಬಲ್ಲದು. ರಜೆಯ ದಿನ ಕೆಮ್ಮು ಕಡಿಮೆಯಾಗುತ್ತದೆಯೇ ಎಂದು ಗಮನಿಸಿ, ಅದನ್ನು ವೈದ್ಯರಿಗೆ ಹೇಳಿ.

ಇಷ್ಟು ಹೇಳಿದರೂ ನನಗೆ ಹೆಚ್ಚು ಚಿಂತೆ ನಾವು ಬಚ್ಚಿಡುವ ಕೆಮ್ಮಿನದು. ಎರಡು ವಾರ ದಾಟಿದ ಯಾವ ಕೆಮ್ಮಿಗೂ ಕ್ಷಯದ ಪರೀಕ್ಷೆ ಆಗಬೇಕು. ಜೊತೆಗೆ ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ, ಕಫದಲ್ಲಿ ರಕ್ತ ಕಂಡರೆ, ಎರಡು ವಾರವೂ ಕಾಯಬಾರದು. ಆದರೆ ನಮ್ಮಲ್ಲಿ ಮಗಳಿಗೆ ಸಂಬಂಧ ನೋಡುತ್ತಿರುವಾಗ ಅವಳ ಕೆಮ್ಮು ಗುಟ್ಟಾಗುತ್ತದೆ. ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ಯಾರಾದರೂ ನೋಡಿಬಿಟ್ಟರೆ ಎಂಬ ಭಯ. ಇನ್ನು ಕೆಲವರು ಅದು ಲೈನ್ ಮನೆಯ ಅಸ್ಸಾಂ ಕೂಲಿಗಳ ಕಾಯಿಲೆ, ನಮಗೇಕೆ ಬರುತ್ತದೆ ಎನ್ನುತ್ತಾರೆ. ಗಾಳಿಯಲ್ಲಿ ಹರಡುವ ರೋಗಾಣು ಯಾರ ಊರು ಯಾವುದೆಂದು ಕೇಳುವುದಿಲ್ಲ. ಮುಚ್ಚಿಟ್ಟ ಕೆಮ್ಮು ಮೊದಲು ತಗಲುವುದು ಅದೇ ಕೋಣೆಯಲ್ಲಿ ಮಲಗುವ ತಂಗಿಗೆ, ಮಡಿಲಲ್ಲಿ ಆಡುವ ಅಣ್ಣನ ಮಗುವಿಗೆ.

ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಮಾತ್ರೆ. ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಚಿಕಿತ್ಸೆ ಮುಗಿಯುವವರೆಗೆ ಪೌಷ್ಟಿಕ ಆಹಾರಕ್ಕೆಂದು ಬ್ಯಾಂಕ್ ಖಾತೆಗೆ ಬರುತ್ತಿದ್ದ ತಿಂಗಳ 500 ರೂಪಾಯಿ 2024ರ ನವೆಂಬರಿನಿಂದ 1000 ಆಗಿದೆ. ಮಾತ್ರೆ ಸರಿಯಾಗಿ ನುಂಗತೊಡಗಿದ ಕೆಲವೇ ವಾರಗಳಲ್ಲಿ ಹೆಚ್ಚಿನವರಿಂದ ಬೇರೆಯವರಿಗೆ ಹರಡುವುದು ನಿಲ್ಲುತ್ತದೆ. ಗುಣವಾದ ಹುಡುಗಿಯ ಮದುವೆಗೆ ಏನೂ ಅಡ್ಡಿಯಿಲ್ಲ. ಅವಳಿಗೆ ಆಗಿದ್ದೇನೆಂದು ಗಂಡಿನ ಕಡೆಯವರಿಗೆ ಮುಂಚೆಯೇ ಹೇಳುವುದು ಒಳ್ಳೆಯದೆಂದು ನಾನು ಭಾವಿಸುತ್ತೇನೆ. ಕೇಳಿ ಹಿಂದೆ ಸರಿಯುವವರು ಸರಿಯಲಿ.

ಪರೀಕ್ಷೆಗೆ ಕಫದ ಡಬ್ಬಿ ಕೊಟ್ಟಾಗ ಹಲವರು ಉಗುಳು ತುಂಬಿಸಿ ತರುತ್ತಾರೆ, ಅದರಿಂದ ಉಪಯೋಗವಿಲ್ಲ. ಬೆಳಿಗ್ಗೆ ಎದ್ದು ಬಾಯಿಯನ್ನು ಬರೀ ನೀರಿನಿಂದ ಮುಕ್ಕಳಿಸಿ, ಅಂಗಳಕ್ಕೆ ಬಂದು ಎರಡು ಮೂರು ಸಲ ದೀರ್ಘ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಬಂದ ಕಫವನ್ನು ಡಬ್ಬಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ ಅಂದೇ ಕೊಟ್ಟು ಬನ್ನಿ.