ಹೃದಯದ ಜೀವಕೋಶವೂ ಡಬ್ಬಿಯೊಳಗಿನ ಗುಳಿಗೆಯೂ



ಕಳೆದ ಕೆಲವು ವರ್ಷಗಳಿಂದ ಲೋಕಾಪುರದ ನಮ್ಮ ಮನೆಗೆ ಬರುವ ದೂರವಾಣಿ ಕರೆಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತಿದೆ. "ಸರ, ಹೃದಯಕ್ಕ ಛಲೋ ಅಂತ ಒಂದು ಗುಳಿಗಿ ಬಂದೈತಿ, ಸೆಲ್ ಒಳಗ ಹೋಗಿ ಕೆಲಸಾ ಮಾಡತೈತಿ ಅಂತಾರ. ತಗೋಬೇಕೋ ಬ್ಯಾಡೋ?" ಕೇಳುವವರು ನನ್ನ ಹಳೆಯ ವಿದ್ಯಾರ್ಥಿಗಳು, ಅವರಲ್ಲಿ ಹೆಚ್ಚಿನವರು ಈಗ ನಲವತ್ತು ದಾಟಿದವರು. ನಾನು ವೈದ್ಯನಲ್ಲ, ವಿಜ್ಞಾನ ಕಲಿಸಿದ ಮಾಸ್ತರ ಮಾತ್ರ. ಆದರೆ ಪ್ರಶ್ನೆಯಲ್ಲಿ 'ಸೆಲ್' ಎಂಬ ಶಬ್ದವಿರುವುದರಿಂದ ಉತ್ತರಿಸುವ ಜವಾಬ್ದಾರಿ ನನಗೂ ಸ್ವಲ್ಪ ಬರುತ್ತದೆ.

ಈ ಭಯ ಅಕಾರಣವಾಗಿ ಹುಟ್ಟಿದ್ದಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನಾಡೆಲ್ಲ ಎದೆ ಮುಟ್ಟಿಕೊಂಡು ನೋಡಿತು. 2025ರ ಮೇ-ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಮೇಲೊಂದರಂತೆ ಹೃದಯಾಘಾತದ ಸಾವಿನ ಸುದ್ದಿಗಳು ಬಂದಾಗ ಮೈಸೂರು ಹಾಗೂ ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಸರದಿ ನಿಂತಿತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಸಾವುಗಳಲ್ಲಿ ಅಸಹಜ ಏರಿಕೆ ಕಂಡಿಲ್ಲವೆಂದೂ, ಮೃತರಲ್ಲಿ ಅನೇಕರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನಗಳಂಥ ಹಳೆಯ ಕಾರಣಗಳೇ ಇದ್ದವೆಂದೂ ವರದಿ ಕೊಟ್ಟಿತು. ವರದಿಯನ್ನು ಓದಿದವರು ಕಡಿಮೆ, ಹೆದರಿದವರು ಹೆಚ್ಚು. ಹೆದರಿದವರ ಬಾಗಿಲಿಗೆ ಡಬ್ಬಿಗಳು ಬಂದವು.

ನಮ್ಮ ಮನೆಗೂ ಬಂದವು. ತಂದವನು ನನ್ನ ಕೈಯಲ್ಲಿಯೇ ಎಂಟನೆಯ ಇಯತ್ತೆಯಿಂದ ಹತ್ತನೆಯ ಇಯತ್ತೆಯವರೆಗೆ ಕಲಿತ ಹುಡುಗ. ಗುತ್ತಿಗೆ ಕೆಲಸ ಕೈಬಿಟ್ಟ ಮೇಲೆ ಇದಕ್ಕೆ ಕೈಹಾಕಿದ್ದಾನೆ. ಕಾಲು ಮುಟ್ಟಿ ನಮಸ್ಕರಿಸಿ, ಚಹಾ ಕುಡಿದು, ಬಣ್ಣದ ಪಟವೊಂದನ್ನು ಬಿಡಿಸಿದ. ಅದರಲ್ಲಿದ್ದುದು ಮೈಟೋಕಾಂಡ್ರಿಯದ ಚಿತ್ರ! ಎಷ್ಟೋ ವರ್ಷ ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ನಾನು ಬರೆದ ಅದೇ ಸೌತೆಕಾಯಿಯಾಕಾರ, ಒಳಗೆ ಅದೇ ಮಡಿಕೆಗಳು. ಭಾಗಗಳ ಹೆಸರನ್ನು ಒಂದೂ ತಪ್ಪದೆ ಹೇಳಿದ. ಪರೀಕ್ಷೆಯಲ್ಲಿ ಇಷ್ಟು ಚೆನ್ನಾಗಿ ಅವನೆಂದೂ ಬರೆದಿರಲಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಅವನು ಹೇಳಿದ ವಿಜ್ಞಾನ ಸುಳ್ಳಲ್ಲ ಎಂಬುದೇ ಇಲ್ಲಿಯ ತೊಡಕು. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಅದರ ಸ್ನಾಯುಕೋಶದ ಮೂರನೆಯ ಒಂದು ಭಾಗದಷ್ಟು ಜಾಗವನ್ನು ಮೈಟೋಕಾಂಡ್ರಿಯಗಳೇ ತುಂಬಿಕೊಂಡಿವೆ. ಎಟಿಪಿ ಎಂಬ ಶಕ್ತಿವಾಹಕವನ್ನು ಅವು ಕ್ಷಣಕ್ಷಣವೂ ಕಟ್ಟುತ್ತವೆ, ಹೃದಯ ಅದನ್ನು ಕ್ಷಣಕ್ಷಣವೂ ಒಡೆದು ಬಳಸುತ್ತದೆ. ಹೀಗೆ ದಿನವೊಂದಕ್ಕೆ ಕಟ್ಟಿ ಒಡೆಯುವ ಎಟಿಪಿಯ ಒಟ್ಟು ತೂಕ ಸುಮಾರು 6 ಕಿಲೋ, ಹೃದಯದ ತೂಕವೋ ಸುಮಾರು 300 ಗ್ರಾಂ! ಈ ಎಟಿಪಿಯನ್ನು ಕಂಡುಹಿಡಿದವರಲ್ಲಿ ಒಬ್ಬರು ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮೆಟ್ರಿಕ್ ಪರೀಕ್ಷೆಯನ್ನು ಮೂರನೆಯ ಪ್ರಯತ್ನದಲ್ಲಿ ದಾಟಿದ ಅವರು ಹಾರ್ವರ್ಡ್‌ನಲ್ಲಿ ಫಿಸ್ಕೆ ಎಂಬವರ ಜೊತೆಗೂಡಿ 1929ರಲ್ಲಿ ಅದನ್ನು ಗುರುತಿಸಿದರು. ಅದೇ ವರ್ಷ ಜರ್ಮನಿಯ ಲೋಮನ್ ಕೂಡ ಸ್ವತಂತ್ರವಾಗಿ ಗುರುತಿಸಿದ್ದರು. ಮುಂದೆ 1957ರಲ್ಲಿ ಅಮೆರಿಕದ ಫ್ರೆಡರಿಕ್ ಕ್ರೇನ್ ಎತ್ತಿನ ಹೃದಯದ ಮೈಟೋಕಾಂಡ್ರಿಯಗಳಿಂದ ಹಳದಿ ಬಣ್ಣದ ವಸ್ತುವೊಂದನ್ನು ಬೇರ್ಪಡಿಸಿದರು. ಅದೇ ಈಗ ಡಬ್ಬಿಗಳ ಮೇಲೆ ಕಾಣುವ ಕೋ-ಎಂಜೈಮ್ ಕ್ಯೂ-10. ಎಲೆಕ್ಟ್ರಾನ್‌ಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಈ ಹಮಾಲನಿಲ್ಲದೆ ಎಟಿಪಿ ತಯಾರಾಗದು.

ಇಲ್ಲಿಯವರೆಗೆ ಅವನ ಪಾಠ ಸರಿ. "ಅಂದಮ್ಯಾಲ ಇದನ್ನ ನುಂಗಿದರ ಹೃದಯ ಗಟ್ಟಿ ಆಗತೈತಿ ಅಲ್ಲರೀ ಸರ?" ಎಂದು ಅವನು ಮುಂದಿನ ಹೆಜ್ಜೆ ಇಟ್ಟನಲ್ಲ, ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಮನೆ ಕಟ್ಟಲು ಸಿಮೆಂಟು ಬೇಕು ನಿಜ, ಆದರೆ ಕಟ್ಟಿ ಮುಗಿದ ಮನೆಯ ಅಂಗಳಕ್ಕೆ ಇನ್ನೂ ಹತ್ತು ಚೀಲ ತಂದು ಸುರಿದರೆ ಗೋಡೆ ಗಟ್ಟಿಯಾಗುವುದಿಲ್ಲ. ಕ್ಯೂ-10 ಅನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ.

ಕೊರತೆಯಿದ್ದಲ್ಲಿ ಮಾತು ಬೇರೆ. ಪಾಲಿಶ್ ಮಾಡಿದ ಅಕ್ಕಿಯನ್ನೇ ಉಂಡವರಿಗೆ ಬೆರಿಬೆರಿ ಬರುತ್ತಿತ್ತು. ಬಿ-1 ಜೀವಸತ್ವವಿಲ್ಲದೆ ಹೃದಯದ ಕೋಶಗಳು ಶಕ್ತಿ ಕಳೆದುಕೊಂಡು, ಮೈ ಬಾತು, ಮನುಷ್ಯ ಸಾಯುತ್ತಿದ್ದ. ಆ ಜೀವಸತ್ವವನ್ನು ಸೂಜಿಯ ಮೂಲಕ ಕೊಟ್ಟರೆ ಕೆಲವೇ ತಾಸುಗಳಲ್ಲಿ ಚೇತರಿಕೆ ಕಾಣುತ್ತದೆ. ಚೀನಾದ ಕೆಶಾನ್ ಪ್ರಾಂತದ ಮಣ್ಣಿನಲ್ಲಿ ಸೆಲೆನಿಯಂ ಕಡಿಮೆ. ಅಲ್ಲಿ ಮಕ್ಕಳ ಹೃದಯಗಳನ್ನು ದುರ್ಬಲಗೊಳಿಸುತ್ತಿದ್ದ ರೋಗವೊಂದು 1970ರ ದಶಕದಲ್ಲಿ ಸೆಲೆನಿಯಂ ಗುಳಿಗೆ ಕೊಟ್ಟ ಮೇಲೆ ಬಹುಮಟ್ಟಿಗೆ ಇಳಿಯಿತು. ಜೀವಕೋಶದ ಮಟ್ಟದಲ್ಲಿ ಹೃದಯವನ್ನು ಉಳಿಸಿದ ಪೂರಕಗಳೆಂದರೆ ಇವು. ಇಲ್ಲದ್ದನ್ನು ಕೊಟ್ಟದ್ದರಿಂದ ಅವು ಫಲಿಸಿದವು.

ಇದ್ದದ್ದಕ್ಕೆ ಮತ್ತೆ ಸೇರಿಸಿದರೆ ಏನಾಗುತ್ತದೆ? ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿಗಳ ಮೇಲೆ ಪರೀಕ್ಷೆ ನಡೆಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೀಟಾ ಕ್ಯಾರೊಟಿನ್ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು. ಗಜ್ಜರಿಯಲ್ಲಿ ಒಳ್ಳೆಯದಾದ ವಸ್ತು ಗುಳಿಗೆಯಲ್ಲಿ ಹಾಗೆ ವರ್ತಿಸಲಿಲ್ಲ. ಹೃದಯಕ್ಕೆಂದು ಕೊಟ್ಟ ಇ ಜೀವಸತ್ವದಿಂದ ಲಾಭವಿಲ್ಲವೆಂದು 2000ದಲ್ಲಿ ಬಂದ ಹೋಪ್ ಎಂಬ ದೊಡ್ಡ ಅಧ್ಯಯನ ತೋರಿಸಿತು. ಮೀನೆಣ್ಣೆಯ ಒಮೇಗಾ-3 ಅನ್ನು ದಿನಕ್ಕೆ ಒಂದು ಗ್ರಾಂನಂತೆ ಅಮೆರಿಕದಲ್ಲಿ 25,871 ಮಂದಿಯ ಮೇಲೆ ಐದು ವರ್ಷಕ್ಕೂ ಮೀರಿ ಪರೀಕ್ಷಿಸಿದರು. ಹೃದಯಾಘಾತ, ಲಕ್ವ ಮತ್ತು ಹೃದ್ರೋಗದ ಸಾವು ಇವೆಲ್ಲವನ್ನೂ ಕೂಡಿಸಿ ನೋಡಿದಾಗ ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂದು 2018ರಲ್ಲಿ ವರದಿಯಾಯಿತು. ಹೆಚ್ಚಿನ ಪ್ರಮಾಣದ ಮೀನೆಣ್ಣೆಯಿಂದ ಕೆಲವರಲ್ಲಿ ಹೃದಯದ ಲಯ ತಪ್ಪುವುದೂ ಉಂಟು.

ಕ್ಯೂ-10ರ ಪರವಾಗಿಯೂ ಒಂದು ಮಾತು ಹೇಳದಿದ್ದರೆ ನ್ಯಾಯವಾಗದು. ಹೃದಯ ವೈಫಲ್ಯದ 420 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಕ್ಕೆ 300 ಮಿಲಿಗ್ರಾಂ ಪಡೆದವರಲ್ಲಿ ಎರಡು ವರ್ಷಗಳ ಅವಧಿಯಲ್ಲಿ ಗಂಭೀರ ತೊಂದರೆಗಳೂ ಸಾವುಗಳೂ ಕಡಿಮೆಯಿದ್ದವು. ಅಧ್ಯಯನ ಚಿಕ್ಕದು, ಇನ್ನೂ ದೊಡ್ಡ ಪರೀಕ್ಷೆ ಬೇಕು. ಅದಕ್ಕಿಂತ ಮುಖ್ಯವಾದುದು, ಆ ರೋಗಿಗಳು ತಮ್ಮ ಮಾಮೂಲಿ ಔಷಧಗಳ ಜೊತೆಗೆ ಅದನ್ನು ತೆಗೆದುಕೊಂಡರೇ ಹೊರತು ಔಷಧ ಬಿಟ್ಟಲ್ಲ.

ಈ 'ಜೊತೆಗೆ' ಎಂಬ ಶಬ್ದ ಎಷ್ಟು ಬೆಲೆಯುಳ್ಳದ್ದೆಂಬುದು ನಮ್ಮ ಬಳಗದ ಹಿರಿಯರೊಬ್ಬರ ವಿಷಯದಲ್ಲಿ ಎಲ್ಲರಿಗೂ ತಿಳಿದುಬಂತು. ಹೆಸರು ಬೇಡ, ಬಲ್ಲವರು ಬಲ್ಲಿರಿ. ಹನ್ನೊಂದು ವರ್ಷ ರಕ್ತದೊತ್ತಡದ ಗುಳಿಗೆಯನ್ನು ತಪ್ಪದೆ ನುಂಗಿದವರು. ತಿಂಗಳಿಗೆ ನಾಲ್ಕು ಸಾವಿರ ರೂಪಾಯಿಯ ಡಬ್ಬಿಗಳು ಮನೆಗೆ ಬರತೊಡಗಿದ ಮೇಲೆ, "ಸೆಲ್ಲೇ ರಿಪೇರಿ ಆದಮ್ಯಾಲ ಬಿಪಿ ಗುಳಿಗಿ ಯಾತಕ್ಕ?" ಎಂಬ ಮಾರಾಟಗಾರನ ಮಾತನ್ನು ನಂಬಿ ಹಳೆಯದನ್ನು ನಿಲ್ಲಿಸಿದರು. ರಕ್ತದೊತ್ತಡ ಹೆಚ್ಚಿದರೆ ನೋವಾಗುವುದಿಲ್ಲ. ಆದ್ದರಿಂದ ನಾಲ್ಕು ತಿಂಗಳು ಅವರು ಆರಾಮಾಗಿಯೇ ಇದ್ದರು. ಐದನೆಯ ತಿಂಗಳು ಒಂದು ನಸುಕಿನಲ್ಲಿ ಬಲಭಾಗಕ್ಕೆ ಲಕ್ವ ಹೊಡೆಯಿತು. ಈಗ ಎಡಗೈಯಿಂದ ರೊಟ್ಟಿ ಮುರಿಯುವುದನ್ನು ಕಲಿಯುತ್ತಿದ್ದಾರೆ. ಒಡೆಯದ ಮೂರು ಡಬ್ಬಿಗಳು ಇನ್ನೂ ಅವರ ಮಾಡದಲ್ಲಿವೆ. ಅವರು ಬಿಟ್ಟ ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ಸಿಗುತ್ತಿತ್ತು, ಜನೌಷಧಿ ಅಂಗಡಿಯಲ್ಲಾದರೆ ಕೆಲವೇ ರೂಪಾಯಿಗೆ.

ಆ ಡಬ್ಬಿಯನ್ನು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ, ಕನ್ನಡಕ ಹಾಕಿದರೂ ಕಷ್ಟಪಟ್ಟು ಓದಬೇಕಾದ ಇಂಗ್ಲಿಷ್ ಅಕ್ಷರಗಳಲ್ಲಿ, ಇದು ಔಷಧಿಯಾಗಿ ಬಳಸಲು ಅಲ್ಲ ಎಂದು ಬರೆದಿತ್ತು. ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮಗಳ ಪ್ರಕಾರ ಪೂರಕಗಳ ಮೇಲೆ ಹಾಗೆ ಬರೆಯಲೇಬೇಕು. ಡಬ್ಬಿ ಸತ್ಯ ಹೇಳುತ್ತದೆ, ಹೊತ್ತು ತಂದವನು ಹೇಳುವುದಿಲ್ಲ. ಮಾರುತ್ತಿರುವ ನನ್ನ ಶಿಷ್ಯರಿಗೂ ಒಂದು ವಿಷಯ ಗೊತ್ತಿರಲಿ. ಹೊಸಬರನ್ನು ಸೇರಿಸಿದ್ದಕ್ಕೇ ಹಣ ಕೊಡುವ ಪಿರಮಿಡ್ ಪದ್ಧತಿಯನ್ನು ಕೇಂದ್ರ ಸರ್ಕಾರ 2021ರ ಡಿಸೆಂಬರಿನ ನೇರ ಮಾರಾಟ ನಿಯಮಗಳಲ್ಲಿ ನಿಷೇಧಿಸಿದೆ. ಹೊಟ್ಟೆಪಾಡು ಕಷ್ಟವೆಂಬುದನ್ನು ಬಲ್ಲೆ. ಡಬ್ಬಿ ಮಾರಿದರೂ ಮಾರಿ, ಆದರೆ ಯಾರಿಗೂ ವೈದ್ಯರು ಕೊಟ್ಟ ಗುಳಿಗೆ ಬಿಡಿರೆಂದು ಹೇಳಬೇಡಿ. ಮಾಸ್ತರನಾಗಿ ಇಷ್ಟನ್ನು ಕೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

"ಹಂಗಾದ್ರ ಏನ್ ತಿನ್ನಬೇಕ್ರಿ?" ಎಂದು ಕೇಳುವವರಿಗೆ ಹೊಸದೇನನ್ನೂ ಹೇಳಲಾರೆ. ನಮ್ಮ ಸೀಮೆಯ ಜೋಳದ ರೊಟ್ಟಿ, ಮಡಿಕೆಕಾಳು, ಮೆಂತ್ಯಪಲ್ಯ, ಶೇಂಗಾ, ಅಗಸಿ ಹಿಂಡಿ ಸಾಕು. ಅಗಸಿಯಲ್ಲಿ ಸಸ್ಯಮೂಲದ ಒಮೇಗಾ-3 ಯಥೇಚ್ಛವಾಗಿದೆ. ಇಡಿಯ ಕಾಳು ಅರಗದೆ ಹಾಗೆಯೇ ಹೊರಟುಹೋಗುವುದರಿಂದ ಹುರಿದು ಕುಟ್ಟಿ ಹಿಂಡಿ ಮಾಡುವ ನಮ್ಮ ಹೆಣ್ಣುಮಕ್ಕಳ ಪದ್ಧತಿಯೇ ಸರಿ. ಆದರೆ ಅದನ್ನೂ ಔಷಧಿಯೆಂದು ತಿಳಿಯಬೇಡಿ, ಅದರಲ್ಲಿ ಉಪ್ಪಿದೆ. ಹಪ್ಪಳ, ಉಪ್ಪಿನಕಾಯಿಗಳಲ್ಲಿ ಇನ್ನೂ ಹೆಚ್ಚು. ದಿನಕ್ಕೆ ಐದು ಗ್ರಾಂ ಉಪ್ಪು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಚಹಾ ಚಮಚದಷ್ಟು. ತಂಬಾಕು-ಗುಟ್ಕಾದ ಬಗ್ಗೆ ತರಗತಿಯಲ್ಲಿ ಬೈದದ್ದೇ ಸಾಕು, ಇಲ್ಲಿ ಮತ್ತೆ ಬೈಯುವುದಿಲ್ಲ.

ಎದೆ ಹಿಂಡಿದಂತಾದರೆ, ಎಡದೋಳಿಗೋ ದವಡೆಗೋ ನೋವು ಹರಿದರೆ, ತಣ್ಣನೆಯ ಬೆವರು ಬಂದರೆ, ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಮಲಗಬೇಡಿ. ಪುನೀತ್ ಅವರ ಹೆಸರಿನಲ್ಲಿ ಸರ್ಕಾರ 2023ರಲ್ಲಿ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲಿಯೇ ಇಸಿಜಿ ತೆಗೆದು, ಅಗತ್ಯವಿದ್ದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಸೂಜಿಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಮೊದಲ ತಾಸು ಕಳೆಯುವುದರೊಳಗೆ ತಲುಪಿದಷ್ಟೂ ಹೃದಯದ ಸ್ನಾಯು ಹೆಚ್ಚು ಉಳಿಯುತ್ತದೆ.

ಕೊನೆಗೆ ದೂರದೇಶದಲ್ಲಿರುವ ಮಕ್ಕಳಿಗೆ ಎರಡು ಮಾತು. ಪ್ರತಿ ಸಲ ಊರಿಗೆ ಬರುವಾಗ ಅಪ್ಪ-ಅವ್ವನಿಗೆಂದು ಮೀನೆಣ್ಣೆಯ ದೊಡ್ಡ ಡಬ್ಬಿಗಳನ್ನು ಚೀಲದಲ್ಲಿ ತುಂಬಿಕೊಂಡು ಬರುತ್ತೀರಿ. ಅದರ ಹಿಂದಿರುವ ಪ್ರೀತಿ ನನಗೆ ಅರ್ಥವಾಗುತ್ತದೆ. ಅದರ ಬದಲು ತೋಳಿಗೆ ಕಟ್ಟಿ ರಕ್ತದೊತ್ತಡ ಅಳೆಯುವ ಒಳ್ಳೆಯ ಯಂತ್ರವೊಂದನ್ನು ತನ್ನಿರಿ. ಐದು ನಿಮಿಷ ಸುಮ್ಮನೆ ಕುಳಿತ ಮೇಲೆ, ಚಹಾ ಕುಡಿಯುವ ಮೊದಲು, ತೋಳಿನ ಬಟ್ಟೆ ಸರಿಸಿ ಎರಡು ಸಲ ಅಳೆಯುವುದನ್ನು ಕಲಿಸಿಹೋಗಿ. ಅಳತೆಯನ್ನು ತಾರೀಖಿನೊಂದಿಗೆ ವಹಿಯಲ್ಲಿ ಬರೆದಿಡುವ ಕೆಲಸವನ್ನು ಮನೆಯಲ್ಲಿ ಶಾಲೆಗೆ ಹೋಗುವ ಮೊಮ್ಮಗನಿಗೋ ಮೊಮ್ಮಗಳಿಗೋ ವಹಿಸಿರಿ. ಆ ವಹಿಯನ್ನು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸಬೇಕು.