ಕಳೆನಾಶಕದ ಗುಂಪು ಅಂಗಡಿ ಗೋಡೆಯ ಮೇಲೆ ಕಾಣಲಿ

ಮಾನ್ಯ ಕೃಷಿ ಸಚಿವರಿಗೆ,

ತುಂಗಭದ್ರಾ ಎಡದಂಡೆ ಕಾಲುವೆಯ ಬಯಲಿನಿಂದ ಬರೆಯುತ್ತಿದ್ದೇನೆ. ಬೆಂಬಲ ಬೆಲೆ, ಯೂರಿಯಾ, ಕಾಲುವೆ ನೀರು ಇವುಗಳ ಬಗ್ಗೆ ನಿಮಗೆ ಬರುವ ಪತ್ರಗಳು ಸಾಕಷ್ಟಿರಬೇಕು. ಇದು ಗದ್ದೆಯ ಕಸದ, ಅಂದರೆ ಕಳೆಯ ಬಗ್ಗೆ.

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ನಾಟಿಗೆ ಆಳು ಸಿಗುವುದು ಕಷ್ಟ, ಸಿಕ್ಕರೂ ಕೂಲಿ ಎಟುಕುವುದಿಲ್ಲ. ಕಾಲುವೆ ನೀರು ತಡವಾದ ವರ್ಷ ಸಸಿಮಡಿ ಹಾಕಿ ಕಾಯುವ ಧೈರ್ಯವೂ ಇರುವುದಿಲ್ಲ. ಹಾಗಾಗಿ ಕೂರಿಗೆ ಹೂಡಿ ನೇರವಾಗಿ ಭತ್ತ ಬಿತ್ತುವವರು ಹೆಚ್ಚಾಗಿದ್ದಾರೆ. ನಿಮ್ಮ ಇಲಾಖೆ ಹೇಳಿಕೊಟ್ಟದ್ದೂ ಇದನ್ನೇ. ನೀರು, ಖರ್ಚು ಎರಡೂ ಉಳಿಯುವುದು ನಿಜ. ಆದರೆ ನಾಟಿ ಗದ್ದೆಯಲ್ಲಿ ಅರ್ಧ ಕಸವನ್ನು ತಡೆಯುತ್ತಿದ್ದದ್ದು ನಿಂತ ನೀರು. ಮೂರು ನಾಲ್ಕು ವಾರದ ಸಸಿಯೂ ಕಸಕ್ಕಿಂತ ಮುಂದಿರುತ್ತಿತ್ತು. ಕೂರಿಗೆ ಭತ್ತದಲ್ಲಿ ಬೆಳೆಯೂ ಕಸವೂ ಜೊತೆಗೇ ಮೊಳೆಯುತ್ತವೆ. ನೀರು ಮಾಡುತ್ತಿದ್ದ ಕೆಲಸವನ್ನು ಈಗ ಕಳೆನಾಶಕದ ಡಬ್ಬಿಗೆ ಒಪ್ಪಿಸಿದ್ದೇವೆ.

ಆ ಡಬ್ಬಿಗಳನ್ನೇ ನೋಡಿ. ಬಿಸ್ಪೈರಿಬ್ಯಾಕ್, ಪೆನಾಕ್ಸುಲಾಮ್, ಪೈರಾಜೋಸಲ್ಫ್ಯೂರಾನ್, ಎಥಾಕ್ಸಿಸಲ್ಫ್ಯೂರಾನ್. ಹೆಸರು ಬೇರೆ, ಕಂಪನಿ ಬೇರೆ, ಬೆಲೆ ಬೇರೆ. ಗಿಡದೊಳಗೆ ಹೋದ ಮೇಲೆ ಎಲ್ಲವೂ ಹಿಡಿಯುವುದು ಎಎಲ್‌ಎಸ್ ಎಂಬ ಒಂದೇ ಕಿಣ್ವವನ್ನು. ಆ ಕಿಣ್ವದ ಕೆಲಸ ನಿಂತರೆ ಗಿಡ ಬದುಕುವುದಿಲ್ಲ. ಲಕ್ಷಗಟ್ಟಲೆ ಗಿಡಗಳ ನಡುವೆ ಎಲ್ಲೋ ಒಂದಕ್ಕೆ ಈ ಕಿಣ್ವ ಹುಟ್ಟಿನಿಂದಲೇ ಕೊಂಚ ಬೇರೆ ರೂಪದ್ದಿದ್ದರೆ ಔಷಧಿ ಅದಕ್ಕೆ ಅಂಟುವುದಿಲ್ಲ. ಸುತ್ತಲಿನವು ಸಾಯುತ್ತವೆ, ಅದು ಬೀಜ ಉದುರಿಸುತ್ತದೆ. ಮುಂದಿನ ಹಂಗಾಮಿಗೆ ಅಂಗಡಿಯವರು ‘ಹೊಸಾದು ಬಂದದ, ಇದನ್ನ ಹೊಡೀರಿ’ ಎಂದು ಕೊಡುವ ಡಬ್ಬಿ ಅದೇ ಗುಂಪಿನದಾದರೆ, ರೈತ ಔಷಧಿ ಬದಲಿಸಿದೆ ಅಂದುಕೊಳ್ಳುತ್ತಾನೆ. ಕಸದ ಮಟ್ಟಿಗೆ ಏನೂ ಬದಲಾಗಿರುವುದಿಲ್ಲ.

ಇದು ನನ್ನ ಊಹೆಯಲ್ಲ. ಹರಿಯಾಣದ ಗೋಧಿ ಹೊಲಗಳಲ್ಲಿ ಫಲಾರಿಸ್ ಮೈನರ್ ಎಂಬ ಹುಲ್ಲಿದೆ. ಎಳೆಯದಿದ್ದಾಗ ಗೋಧಿ ಯಾವುದು, ಹುಲ್ಲು ಯಾವುದು ಹೇಳುವುದು ಕಷ್ಟ. ಭತ್ತ ಆದ ಮೇಲೆ ಗೋಧಿ, ಗೋಧಿ ಆದ ಮೇಲೆ ಭತ್ತ, ಗೋಧಿಗೆ ವರ್ಷವರ್ಷವೂ ಐಸೊಪ್ರೊಟ್ಯೂರಾನ್. 1990ರ ದಶಕದ ಆರಂಭಕ್ಕೆ ಆ ಔಷಧಿಗೆ ಹುಲ್ಲು ಜಗ್ಗದಾಯಿತು. ಕೆಲವರು ಗೋಧಿಯನ್ನು ಹಸಿಯಾಗಿಯೇ ಕೊಯ್ದು ದನಕ್ಕೆ ಹಾಕಬೇಕಾಯಿತು. ದಶಕದ ಕೊನೆಗೆ ಕ್ಲೊಡಿನಾಫಾಪ್, ಸಲ್ಫೋಸಲ್ಫ್ಯೂರಾನ್ ಬಂದು ಬೆಳೆ ಉಳಿಯಿತು. ಆಮೇಲೆ ಅವಕ್ಕೂ ಹುಲ್ಲು ಒಗ್ಗಿತು. ಐಸೊಪ್ರೊಟ್ಯೂರಾನ್ ವಿಷಯದಲ್ಲಿ ಹುಲ್ಲು ಕಲಿತದ್ದು ಇನ್ನೂ ಕೆಟ್ಟ ವಿದ್ಯೆ: ಒಳಗೆ ಬಂದ ವಿಷವನ್ನು ಬೇಗ ಒಡೆದು ಅರಗಿಸಿಕೊಳ್ಳುವುದು. ಅದು ಬಂದ ಗಿಡ ತಾನು ಎಂದೂ ಕಾಣದ ಔಷಧಿಯನ್ನೂ ತಾಳಿಕೊಂಡೀತು. ಭತ್ತದ ಕಸವೂ ಔಷಧಿಗೆ ಒಗ್ಗಿದೆ. ಛತ್ತೀಸ್‌ಗಢದ ಗದ್ದೆಗಳಲ್ಲಿ ಜೇಕಿನ ಜಾತಿಯ ಒಂದು ಕಸ ಬಿಸ್ಪೈರಿಬ್ಯಾಕ್‌ಗೆ ಸಾಯದಿರುವುದನ್ನು ವಿಜ್ಞಾನಿಗಳು ಪರೀಕ್ಷೆ ಮಾಡಿ ದಾಖಲಿಸಿದ್ದಾರೆ.

ಇನ್ನೊಂದು ಅಪಾಯ ದೂರವಿಲ್ಲ. 2021ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಇಮಾಜೆಥಾಪೈರ್ ಎಂಬ ಕಳೆನಾಶಕವನ್ನು ತಾಳುವ ಎರಡು ಬಾಸ್ಮತಿ ತಳಿಗಳನ್ನು ತಂದಿತು, ಪೂಸಾ ಬಾಸ್ಮತಿ 1979 ಮತ್ತು 1985. ಇವು ಕುಲಾಂತರಿ ಅಲ್ಲ. ಬಾಸ್ಮತಿ ನಮ್ಮ ಬೆಳೆಯೂ ಅಲ್ಲ. ಆದರೆ ಅದೇ ಗುಣ ನಾಳೆ ನಮ್ಮ ತಳಿಗಳಿಗೂ ಬಂದೀತು, ಇಮಾಜೆಥಾಪೈರ್ ಕೂಡ ಎಎಲ್‌ಎಸ್ ಗುಂಪಿನದೇ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇಂಥ ಭತ್ತ 2002ರಲ್ಲಿ ಬಂತು. ಕೆಲವೇ ವರ್ಷಗಳಲ್ಲಿ ಆ ಗುಣ ಪರಾಗದ ಮೂಲಕ ಕಳೆಭತ್ತಕ್ಕೆ ದಾಟಿತು. ಕೊಯ್ಲಿಗೆ ಮೊದಲೇ ಉದುರುವ ಕಳೆಭತ್ತವನ್ನು ಬೆಳೆಯ ನಡುವೆ ಕೊಲ್ಲುವ ಒಂದು ದಾರಿ ಆಗ ಕೈತಪ್ಪಿತು.

ನಾನು ನಿಷೇಧ ಕೇಳುತ್ತಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟನ್ನು ಪರವಾನಗಿ ಪಡೆದ ಕೀಟ ನಿಯಂತ್ರಣದವರೇ ಹೊಡೆಯಬೇಕೆಂದು ಆದೇಶಿಸಿತು. ನಮ್ಮ ಹೋಬಳಿಯಲ್ಲಿ ಅಂಥವರೊಬ್ಬರನ್ನೂ ನಾನು ಕಂಡಿಲ್ಲ. ಗ್ಲೈಫೋಸೇಟ್ ಹೊಡೆದು ಹಳದಿಯಾದ ಬದುಗಳನ್ನು ಬೇಕಾದಷ್ಟು ಕಂಡಿದ್ದೇನೆ.

ಕೇಳುವುದು ಇಷ್ಟು. ಪ್ರತಿ ಕಳೆನಾಶಕಕ್ಕೂ ಅದು ಕೊಲ್ಲುವ ಬಗೆಯ ಮೇಲೆ ಅಂತರರಾಷ್ಟ್ರೀಯ ಗುಂಪು ಸಂಖ್ಯೆಯಿದೆ. ಎಎಲ್‌ಎಸ್‌ನವು 2, ಸೈಹಾಲೋಫಾಪ್ 1, ಪೆಂಡಿಮೆಥಾಲಿನ್ 3, ಪ್ರೆಟಿಲಾಕ್ಲೋರ್ 15. ಆಸ್ಟ್ರೇಲಿಯಾದಲ್ಲಿ ಗುಂಪಿನ ಗುರುತು ಡಬ್ಬಿಯ ಮೇಲೇ ಇರುತ್ತದೆ. ನಮ್ಮ ಡಬ್ಬಿಯ ಮೇಲಿನ ಬಣ್ಣದ ಗುರುತು ಮನುಷ್ಯನಿಗೆ ಎಷ್ಟು ವಿಷ ಎಂದು ಮಾತ್ರ ಹೇಳುತ್ತದೆ. ಲೇಬಲ್ ಬದಲಿಸುವುದು ಕೇಂದ್ರದ ಕೈಲಿದೆ, ಒಪ್ಪುತ್ತೇನೆ, ಅದಕ್ಕೆ ನೀವು ಪತ್ರ ಬರೆಯಿರಿ. ಅಂಗಡಿಗೆ ಪರವಾನಗಿ ಕೊಡುವುದು ನಿಮ್ಮ ಇಲಾಖೆ. ಭತ್ತ, ಹತ್ತಿ, ತೊಗರಿ, ಮೆಕ್ಕೆಜೋಳದ ಕಳೆನಾಶಕಗಳ ಗುಂಪು ಸಂಖ್ಯೆಯನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದ ಪಟ್ಟಿ ಪ್ರತಿ ಅಂಗಡಿಯ ಗೋಡೆಗೂ ಬರಲಿ, ಬಿಲ್ಲಿನಲ್ಲೂ ಆ ಸಂಖ್ಯೆ ಇರಲಿ. ಹೋದ ವರ್ಷದ ಬಿಲ್ಲು ಹಿಡಿದು ಬಂದ ರೈತ ‘2 ಬೇಡ, ಬೇರೆ ಕೊಡ್ರಿ’ ಎನ್ನುವಂತಾಗಲಿ.

ಕಸ ಸಾಯದಿದ್ದರೆ ಕಾರಣ ಬೇರೆಯೂ ಇರಬಹುದು. ಎರಡರಿಂದ ನಾಲ್ಕು ಎಲೆಯ ಹುಲ್ಲಿಗೆ ಹೊಡೆಯಬೇಕಾದ ಬಿಸ್ಪೈರಿಬ್ಯಾಕನ್ನು ಮೊಣಕಾಲೆತ್ತರದ ಹುಲ್ಲಿಗೆ ಹೊಡೆದಿರಬಹುದು, ಗದ್ದೆಯ ನೀರು ಬಸಿಯದೇ ಹೊಡೆದಿರಬಹುದು, ಡಬ್ಬಿಯೇ ನಕಲಿ ಇರಬಹುದು. ಆದರೆ ಉಳಿದ ಕಸವೆಲ್ಲ ಸತ್ತು ಒಂದೇ ಜಾತಿ ನಿಂತಿದ್ದರೆ, ಅದರಲ್ಲೂ ಸತ್ತ ಗಿಡದ ಮಗ್ಗುಲಲ್ಲೇ ಅದೇ ಜಾತಿಯ ಹಸಿರು ಗಿಡವಿದ್ದರೆ, ಅದರ ಬೀಜ ಪರೀಕ್ಷೆಗೆ ಹೋಗಬೇಕು. ಕುಂಡದಲ್ಲಿ ಬೆಳೆಸಿ ಔಷಧಿ ಹೊಡೆದು ನೋಡುವುದು ದುಬಾರಿ ಕೆಲಸವಲ್ಲ. ಮಣ್ಣಿನ ಮಾದರಿ ಪಡೆಯುವ ರೈತ ಸಂಪರ್ಕ ಕೇಂದ್ರ ಕಸದ ಬೀಜದ ಪೊಟ್ಟಣವನ್ನೂ ಪಡೆದು ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಕಳಿಸಬಹುದು.

ಡಬ್ಬಿಯಾಚೆಗೂ ಒಂದು ಮಾತು. ಬಿತ್ತುವ ಮೊದಲು ನೀರು ಬಿಟ್ಟು ಕಸ ಮೊಳೆಯಿಸಿ, ಹರಗಿ ಕೊಂದು, ಆಮೇಲೆ ಬಿತ್ತುವುದು ಒಳ್ಳೆಯ ಉಪಾಯ. ಆದರೆ ಅದಕ್ಕೆ ಕಾಲುವೆ ನೀರು ಎರಡು ವಾರ ಮೊದಲು ಬೇಕು. ನೀರು ಬಿಡುವ ದಿನ ಗೊತ್ತು ಮಾಡುವ ಸಭೆಯಲ್ಲಿ ನಿಮ್ಮ ಇಲಾಖೆಯವರು ಈ ವಿಷಯ ಎತ್ತಲಿ. ಪಟ್ಟಿಯ ಕೆಲಸ ಮುಂದಿನ ಮುಂಗಾರಿಗೆ ಅಂಗಡಿಗಳು ಮಾಲು ತುಂಬಿಕೊಳ್ಳುವ ಮೊದಲೇ ಆಗಲಿ.

ಇಂತಿ,
ಎಡದಂಡೆ ಕಾಲುವೆಯ ಒಬ್ಬ ಭತ್ತದ ರೈತ