ಅಂಗಡಿಯ ಸಾಲ, ಹೊಲದ ಸಾಲು

ನೆಲ ಹಾಳಾಯಿತೆಂದೊಡನೆ ನಾವು ರೈತನನ್ನು ದೂರುತ್ತೇವೆ. ಕಳೆನಾಶಕ ಸಿಂಪಡಿಸಿದವನು ಅವನು, ಬದುವಿನ ಗಿಡಗಳನ್ನು ಕಡಿದವನು ಅವನು, ಒಂದೇ ಬೆಳೆಗೆ ಜೋತುಬಿದ್ದವನೂ ಅವನೇ. ಆದರೆ ಯಾವ ಫಸಲಿಗೆ ಗಿರಾಕಿಯುಂಟು, ಯಾವುದಕ್ಕಿಲ್ಲ ಎಂದು ತೀರ್ಮಾನಿಸಿದವರು ಯಾರು? ಈ ಪ್ರಶ್ನೆಯನ್ನು ಆಹಾರದ ವ್ಯಾಪಾರಕ್ಕೆ ಕೇಳದೆ ಪ್ರಕೃತಿಯ ಪುನಶ್ಚೇತನದ ಮಾತನಾಡುವುದು ಬರಿಯ ಬಾಯುಪಚಾರ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮಳೆಯಾಶ್ರಿತ ಹೊಲಗಳಲ್ಲಿ ಹಿಂದೆ ಜೋಳ, ಸಜ್ಜೆ, ನವಣೆ, ಸಾವೆಗಳ ನಡುವೆ ತೊಗರಿ, ಅಲಸಂದಿ, ಹುಚ್ಚೆಳ್ಳಿನ ಅಕ್ಕಡಿ ಸಾಲುಗಳಿರುತ್ತಿದ್ದವು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಮನೆಯನ್ನು ಸಲಹುತ್ತಿತ್ತು. ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತಿತ್ತು. ತೆನೆಗೆ ಹಕ್ಕಿ ಬರುತ್ತಿತ್ತು. ತೊಗರಿ, ಅಲಸಂದಿಗಳ ಬೇರು ಮಣ್ಣಿಗೆ ಸಾರಜನಕವನ್ನು ಮರಳಿಸುತ್ತಿತ್ತು. ಇಂದು ಕೋಳಿ ಆಹಾರಕ್ಕೂ ಪಿಷ್ಟದ ಕಾರ್ಖಾನೆಗಳಿಗೂ ಹೋಗುವ ಮೆಕ್ಕೆಜೋಳವೇ ದಿಗಂತದವರೆಗೆ ನಿಂತಿದೆ. 2018ರಲ್ಲಿ ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಕರ್ನಾಟಕದ ಮೆಕ್ಕೆಜೋಳದ ಹೊಲಗಳಲ್ಲಿ. ಒಂದೇ ಬೆಳೆಯ ಬಯಲು ಅಂತಹ ಕೀಟಕ್ಕೆ ಹಾಸಿದ ಎಲೆಯಂತಿರುತ್ತದೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಸುಮಾರು 98 ಹೆಕ್ಟೇರಿನ ಆ ಕೆರೆಯ ಜಾಲಿಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ನಾವು ಹೆಮ್ಮೆಪಟ್ಟೆವು. ಆದರೆ ಹೊಲಕ್ಕೆ ಸುರಿದ ವಿಷ ಮಳೆನೀರಿನೊಡನೆ ಕೆರೆಗೇ ಇಳಿಯುತ್ತದೆಂಬುದನ್ನು ಮರೆತೆವು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದ ಗಡಿಯೊಳಗಷ್ಟೇ ಕಾರೆ, ಕವಳೆ, ಬಾರೆ ಉಳಿದರೆ ಸಾಲದು, ಬದುಗಳಲ್ಲಿಯೂ ಉಳಿಯಬೇಕು. ಮೇಜವಾನಿ ಮುಗಿದ ಮೇಲೆ ಅತಿಥಿಗೆ ಫಲಕ ತೋರಿಸಿದರೆ ಹೊಟ್ಟೆ ತುಂಬೀತೇ?

'ಗಿರಾಕಿ ಕೇಳಿದ್ದನ್ನು ಮಾರುತ್ತೇವೆ, ನಾವೇನು ಧರ್ಮಛತ್ರ ನಡೆಸುತ್ತಿದ್ದೇವೆಯೇ?' ಎನ್ನುವರು ವ್ಯಾಪಾರಿಗಳು. ನಾನು ಧರ್ಮವನ್ನು ಕೇಳುತ್ತಿಲ್ಲ, ಸಾಲದ ಮರುಪಾವತಿಯನ್ನು ಕೇಳುತ್ತಿದ್ದೇನೆ. ಮಣ್ಣು, ಜೇನು, ಕೆರೆ ಇವುಗಳಿಲ್ಲದೆ ಯಾವ ಅಂಗಡಿಯೂ ನಡೆಯದು. ಆದರೂ ಲೆಕ್ಕದ ಪುಸ್ತಕದಲ್ಲಿ ಅವುಗಳ ಹೆಸರಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ನಗರಗಳಲ್ಲಿ ಪಾಕೀಟುಗಳು ಮೆರೆದವು. ಪಾಕೀಟಿನ ಮೇಲೆ ಹಸಿರೆಲೆ ಮುದ್ರಿಸಿದ ಮಾತ್ರಕ್ಕೆ ಹೊಲ ಹಸಿರಾಗದು. ಜೂನ್ 5ರಂದು ಗಿರಣಿಯ ಮುಂದೆ ಸಸಿ ನೆಟ್ಟರೂ ಆಗದು.

ಆಗಬೇಕಾದದ್ದು ಬೇರೆ. ಮುಂಗಾರಿಗೆ ಮೊದಲೇ ನವಣೆ, ಸಾವೆ, ಹುಚ್ಚೆಳ್ಳುಗಳಿಗೆ ಖರೀದಿಯ ಬೆಲೆಯನ್ನು ಬರವಣಿಗೆಯಲ್ಲಿ ಕೊಡಬೇಕು. ಬೆಲೆಯ ಭರವಸೆಯಿಲ್ಲದೆ 'ನವಣೆ ಬಿತ್ತು' ಎಂದು ಸಾಲಗಾರ ರೈತನಿಗೆ ಉಪದೇಶಿಸುವುದು ಕ್ರೌರ್ಯ. ಸಿಪ್ಪೆ ತೆಗೆಯುವ ಯಂತ್ರ ಹೋಬಳಿಗೊಂದಾದರೂ ಬರಬೇಕು. ಒನಕೆ ಹಿಡಿದು ಸೋತ ತಾಯಂದಿರ ತೋಳುಗಳೂ ಈ ಧಾನ್ಯಗಳು ಮರೆಯಾದುದರ ಕಾರಣವನ್ನು ಬಲ್ಲವು. ಅಕ್ಕಡಿ ಇಟ್ಟವನಿಗೆ, ಬದುವಿಗೆ ವಿಷ ಹಾಕದವನಿಗೆ ಕ್ವಿಂಟಾಲಿಗೆ ಒಂದಿಷ್ಟು ಹೆಚ್ಚು ಕೊಡಬೇಕು. ಖಾನಾವಳಿಗಳು ಜೋಳದ ರೊಟ್ಟಿಯ ಜೊತೆಗೆ ನವಣೆ ಅನ್ನವನ್ನೂ ಬಡಿಸಬೇಕು.

ಇಷ್ಟನ್ನು ಕೇಳುವ ಹಕ್ಕು ನಮಗುಂಟೇ? ನಮ್ಮ ಮದುವೆಗಳಲ್ಲಿ, ಧರ್ಮಕೇಂದ್ರದ ಹಬ್ಬದ ಊಟದಲ್ಲಿ ಅಡುಗೆಯವರಿಗೆ ಬರೆದುಕೊಡುವ ಸಾಮಾನಿನ ಚೀಟಿಯನ್ನೊಮ್ಮೆ ನೋಡೋಣ. ಅದರಲ್ಲಿ ಸುತ್ತಲಿನ ಹೊಲದ ಒಂದು ಕಾಳಿನ ಹೆಸರೂ ಇಲ್ಲದಿದ್ದರೆ ವ್ಯಾಪಾರಿಯತ್ತ ಬೆರಳು ತೋರುವ ಯೋಗ್ಯತೆ ನಮಗಿಲ್ಲ. ಬರುವ ಹಬ್ಬಕ್ಕೆ ಆ ಚೀಟಿಯಲ್ಲಿ ನವಣೆ ಎಂದು ಬರೆಯೋಣ. ಕೇಳುವ ಗಿರಾಕಿ ನಾವಾದರೆ, ಇಲ್ಲವೆನ್ನಲು ಅಂಗಡಿಯವನಿಗೆ ನೆಪವೇ ಉಳಿಯದು.